ಕೊನೆಗೆ ಇಳಿಯುವ ಅರ್ವೊ

ಥಂಡರ್ ಬೇ ಊರಿನ ಐಸ್ ಹಾಕಿ ರಿಂಕಿನಲ್ಲಿ ಇನ್ನೂ ಅರ್ಧ ದೀಪಗಳೇ ಹೊತ್ತಿವೆ. ಹೊರಗೆ ಸರೋವರದ ಮೇಲೆ ಬೆಳಕು ಹರಿದಿಲ್ಲ. ಅರ್ವೊ ಲಾಹ್ತಿ ಗೋಲಿನ ಮುಂದೆ ಅಡ್ಡಡ್ಡ ಜಾರುತ್ತ ಸ್ಕೇಟಿನ ಅಂಚಿನಿಂದ ಮಂಜುಗಡ್ಡೆಯನ್ನು ಕೆರೆಯುತ್ತಿದ್ದಾರೆ. ತೀರ ನುಣುಪಾದರೆ ಗೋಲ್‌ಕೀಪರನ ಕಾಲು ನಿಲ್ಲುವುದಿಲ್ಲ, ಒರಟು ಮಾಡಿಕೊಳ್ಳಬೇಕು. ಪ್ರತಿ ಸಲ ಜಾರಿದಾಗಲೂ ಎಡ ಮಂಡಿ ಲಟಕ್ಕೆನ್ನುತ್ತದೆ. "ಕೇಳಿಸ್ತಾ? ಬೆಳಗ್ಗೆ ನನಗಿಂತ ಮೊದಲು ಅದೇ ಏಳುತ್ತೆ," ಎಂದು ನಗುತ್ತಾರೆ.

ವಯಸ್ಸು ಮೂವತ್ತಾರು. ತಂಡದವರ ಬಾಯಲ್ಲಿ ಆಗಲೇ 'ಅಜ್ಜ'. ಅಪ್ಪ ಬಂದರಿನ ಧಾನ್ಯದ ಗೋದಾಮಿನಲ್ಲಿ ದುಡಿದವರು, ಚಳಿ ಬಿದ್ದ ಕೂಡಲೇ ಹಿತ್ತಲಿಗೆ ನೀರು ಬಿಟ್ಟು ಹೆಪ್ಪುಗಟ್ಟಿಸುತ್ತಿದ್ದರಂತೆ. "ಅಣ್ಣಂದಿರಿಗೆ ರಬ್ಬರ್ ಬಿಲ್ಲೆ, ಅದೇ ಪಕ್, ಹೊಡೆಯೋಕೆ ಎದುರಿಗೆ ಯಾರಾದ್ರೂ ಬೇಕಿತ್ತು. ನಾನೇ ಚಿಕ್ಕೋನು. ತಪ್ಪಿಸ್ಕೊಂಡು ಓಡೋದೆಲ್ಲಿಗೆ?" ಅಲ್ಲಿಂದ ಸಣ್ಣಪುಟ್ಟ ವೃತ್ತಿಪರ ತಂಡಗಳಲ್ಲಿ ಹದಿನಾರು ವರ್ಷ ಕಳೆದಿದೆ. ಹೆಚ್ಚಿನ ಪಂದ್ಯಗಳಲ್ಲಿ ಬದಲಿ ಗೋಲ್‌ಕೀಪರಾದ ಅವರ ಕೆಲಸ ಬೆಂಚಿನ ತುದಿಯಲ್ಲಿ ಟೋಪಿ ಹಾಕಿ ಕೂತು, ಜಾರಿ ಬರುವ ಆಟಗಾರರಿಗೆ ರಿಂಕಿನ ಬಾಗಿಲು ತೆಗೆಯುವುದು. ಬೇಸಿಗೆಯಲ್ಲಿ ಮನೆಗಳ ಚಾವಣಿ ರಿಪೇರಿ. "ಎರಡರಲ್ಲೂ ಮಂಡಿ ಊರೋದೇ ಕೆಲಸ," ಎನ್ನುತ್ತಾರೆ ಹೆಂಡತಿ ಕೊರಿನ್.

ಈ ವಾರ ಅವರ ಹಣೆಬರಹ ತೀರ್ಮಾನವಾಗಬೇಕು. ಮುಂದಿನ ವರ್ಷ ಅರ್ವೊ ಬೇಕೋ ಬೇಡವೋ ಎಂದು ಗೋಲ್‌ಕೀಪರುಗಳ ತರಬೇತುದಾರ ಡೂಗಲ್ ಹೇಳಬೇಕಂತೆ. ಡೂಗಲ್ ಮುಚ್ಚುಮರೆಯ ಮನುಷ್ಯನಲ್ಲ. "ಕೈ ಈಗ್ಲೂ ಚುರುಕು. ಕಣ್ಣು ಇನ್ನೂ ಚುರುಕು. ಆದ್ರೆ ಎಡದಿಂದ ಬಲಕ್ಕೆ ಜಾರೋಕೆ ಒಂದು ಕ್ಷಣ ತಡ. ಆ ಒಂದು ಕ್ಷಣದಲ್ಲೇ ಗೋಲ್ ಆಗಿಹೋಗುತ್ತೆ ಮಾರಾಯ್ರೇ," ಎಂದು ಕಾಫಿ ಹೀರುತ್ತಾರೆ. ಕ್ರಿಸ್ಮಸ್ ಕಳೆದ ಮೇಲೆ ಎಲ್ಲ ಪಂದ್ಯಗಳನ್ನೂ ತಂಡದ ಇನ್ನೊಬ್ಬ ಗೋಲ್‌ಕೀಪರ್, ಇಪ್ಪತ್ತೊಂದರ ಎಮಿಲ್ ಆಡಿದ್ದಾನೆ. ಇಂದು ಅವನಿಗೆ ಮೈ ಸುಡುವ ಜ್ವರ. ಹಾಗಾಗಿ ಸಂಜೆ ಗೋಲು ಕಾಯುವವರು ಅರ್ವೊ.

ಇಲ್ಲೊಂದು ಪದ್ಧತಿಯಿದೆ. ಬೆಳಗಿನ ಅಭ್ಯಾಸದಲ್ಲಿ ಸಂಜೆ ಆಡುವ ಗೋಲ್‌ಕೀಪರ್ ಎಲ್ಲರಿಗಿಂತ ಮೊದಲು ಮಂಜುಗಡ್ಡೆಯಿಂದ ಇಳಿದು ಹೋಗುತ್ತಾನೆ. ಆಡದವನು ಉಳಿದು, ತನ್ನಂತೆಯೇ ಬೆಂಚು ಕಾಯುವ ಆಟಗಾರರ ಹೊಡೆತಗಳಿಗೆಲ್ಲ ಮೈಯೊಡ್ಡುತ್ತಾನೆ. ಡೂಗಲ್ ಕೋಲಿನಿಂದ ಅರ್ವೊನ ಕಾಲಿನ ಪ್ಯಾಡ್ ತಟ್ಟುತ್ತಾರೆ, ಹೊರಡು ಎಂದು. ಅರ್ವೊ ತಲೆಯಾಡಿಸಿ, ಅಭ್ಯಾಸಬಲದಿಂದ ಗೋಲಿನ ಮುಂದೆಯೇ ಬಗ್ಗಿ ನಿಲ್ಲುತ್ತಾರೆ. ಎದುರಿಗೆ ನಾಲ್ಕು ಮಂದಿ ಪಕ್ ಇಟ್ಟುಕೊಂಡು ಸುಮ್ಮನೆ ನಿಂತಿದ್ದಾರೆ. ಯಾರೂ ಹೊಡೆಯುವುದಿಲ್ಲ.

"ಯಾಕ್ರೋ, ಕೈ ಬಿದ್ದುಹೋಗಿದ್ಯಾ?"

"ಅಜ್ಜಾ, ಇವತ್ತು ಆಡೋನು ನೀನು! ಇಳಿದು ಹೋಗೋ!"

ರಿಂಕೆಲ್ಲ ನಗು. ಅರ್ವೊ ಕೆಂಪಾಗಿ ಇಳಿಯುತ್ತಾರೆ. ಇಷ್ಟು ದಿನ ಕೊನೆಗೆ ಇಳಿದವರಿಗೆ ಖಾಲಿ ಡ್ರೆಸ್ಸಿಂಗ್ ರೂಮಿನಲ್ಲಿ ಮೊದಲಿಗರಾಗಿ ಕೂರಲು ತೋಚದೆ, ಎಲ್ಲರ ನೀರಿನ ಬಾಟಲಿ ತುಂಬಿಸಿಡುತ್ತಾರೆ.

ಸಂಜೆಯ ಪಂದ್ಯ ಡೂಗಲ್ ಹೇಳಿದಂತೆಯೇ ನಡೆಯುತ್ತದೆ. ಎರಡು ಸಲ ಎದುರಾಳಿಗಳು ಪಕ್ಕನ್ನು ಎಡದಿಂದ ಬಲಕ್ಕೆ ದಾಟಿಸುತ್ತಾರೆ, ಎರಡೂ ಸಲ ಅರ್ವೊ ತಲುಪುವಷ್ಟರಲ್ಲಿ ಗೋಲಾಗಿದೆ. ಮೂರನೆಯ ಸಲ ಪಕ್ ದಾಟುವ ಮೊದಲೇ ಅವರು ಬಲಕ್ಕೆ ಹೋಗಿ ಕೂತಿದ್ದಾರೆ, ಅದು ಬಂದು ಎದೆಗೆ ಬಡಿಯುತ್ತದೆ. ಆದರೂ ತಂಡ ಎರಡು–ಒಂದರಿಂದ ಸೋಲುತ್ತದೆ.

ಕಂಬಳಿ ಹೊದ್ದೇ ಪಂದ್ಯ ನೋಡಿದ ಎಮಿಲ್ ಡ್ರೆಸ್ಸಿಂಗ್ ರೂಮಿಗೆ ಬರುತ್ತಾನೆ. "ಅಜ್ಜಾ, ಮೂರನೇದಕ್ಕೆ ಮೊದಲೇ ಹೇಗೆ ಹೋದೆ?"

"ಪಾಸ್ ಕೊಡೋಕೆ ಮುಂಚೆ ಅವನ ಭುಜ ಇಳೀತಿತ್ತು. ಎರಡು ಗೋಲ್ ಬಿಟ್ಟು ಕಲ್ತೆ. ನೀನು ಬಿಡದೆ ಕಲಿ." ಟೇಪಿನ ಉಂಡೆಗಳನ್ನು ನೆಲದ ಮೇಲಿಟ್ಟು ಯಾರು ಎಲ್ಲಿದ್ದರು ಎಂದು ತೋರಿಸುತ್ತಾರೆ. ಹುಡುಗ ಜ್ವರ ಮರೆತು ಕೂತಿದ್ದಾನೆ.

ಬಾಗಿಲಲ್ಲಿ ನಿಂತು ನೋಡುತ್ತಿದ್ದ ಡೂಗಲ್ ಒಳಬರುತ್ತಾರೆ. "ಅರ್ವೊ, ಆಟ ಸಾಕಪ್ಪ. ಆದ್ರೆ ಮನೆಗೆ ಹೋಗ್ಬೇಡ. ಮುಂದಿನ ವರ್ಷ ಇವನನ್ನು ನನ್ನ ಜೊತೆ ನೀನೂ ತಯಾರು ಮಾಡು. ಮೇಲಿನವರನ್ನ ನಾನು ಒಪ್ಪಿಸ್ತೀನಿ."

ಅರ್ವೊ ಬಹಳ ಹೊತ್ತು ಪ್ಯಾಡಿನ ಪಟ್ಟಿ ಬಿಚ್ಚುತ್ತಾರೆ. ಅಳು ಬಂದಿದೆ, ಅದನ್ನವರು ಬಚ್ಚಿಡುವುದೂ ಇಲ್ಲ. ಹದಿನಾರು ವರ್ಷ ಕಟ್ಟಿದ್ದನ್ನು ಬಿಚ್ಚುವುದು ಸುಲಭವೇ?

"ಆಗ್ಲಿ," ಎನ್ನುತ್ತಾರೆ ಕಡೆಗೆ. "ಒಂದೇ ಕೇಳ್ಕೊಳ್ಳೋದು ಡೂಗಲ್. ಈ ಪ್ಯಾಡು ನನ್ನ ಹತ್ರಾನೇ ಇರ್ಲಿ. ಆಡೋಕೆ ಸಿಗದ ಹುಡುಗ್ರು ಬೆಳಗ್ಗೆ ಹೊಡೀಬೇಕಲ್ಲ, ಎದುರಿಗೆ ಯಾರಾದ್ರೂ ನಿಂತಿರ್ಬೇಕು. ಕೊನೆಗೆ ಇಳಿಯೋನು ನಾನೇ ಆಗಿರ್ತೀನಿ."