ಸೆಕೆಂಡಿಗೆ ಇಪ್ಪತ್ತೈದು

‘ಸಿನಿಮಾ ಥರ ಇರಬೇಕು’ ಎಂದು ಯಾರಾದರೂ ಅಂದರೆ ನನಗೆ ಇಂದಿಗೂ ಮೈ ಉರಿಯುತ್ತದೆ. ನಮ್ಮ ಮನೆಯಲ್ಲಿ ಆ ಮಾತನ್ನು ಮೊದಲು ಆಡಿದವನು ನಾನೇ ಆದ್ದರಿಂದ ಉರಿ ಸ್ವಲ್ಪ ಹೆಚ್ಚು.

ತಂಗಿ ಶಾರದೆಯ ಮದುವೆ ಮುಳಬಾಗಿಲಿನ ಛತ್ರದಲ್ಲಿ ನಡೆಯಿತು. ಕ್ಯಾಸೆಟ್ಟು ಹೋಗಿ ಸೀಡಿ ಬರುತ್ತಿದ್ದ ಕಾಲ. ವಿಡಿಯೋ ತೆಗೆಯುವ ಮುನಿರಾಜು ಹೊಸ ಕ್ಯಾಮೆರಾ ತಂದಿದ್ದ. ಅದು ಸೆಕೆಂಡಿಗೆ ಐವತ್ತು ಸಲ ಚಿತ್ರ ಹಿಡಿಯುತ್ತದಂತೆ, ಬೇಕಾದರೆ ಇಪ್ಪತ್ತೈದಕ್ಕೆ ಇಳಿಸಬಹುದಂತೆ. ನಾನೋ ಯಾವುದೋ ಪತ್ರಿಕೆಯಲ್ಲಿ ಒಂದೂವರೆ ಪುಟ ಓದಿ ಪಂಡಿತನಾಗಿದ್ದೆ. ಸಿನಿಮಾ ಓಡುವುದು ಇಪ್ಪತ್ನಾಲ್ಕರಲ್ಲಿ, ಇಪ್ಪತ್ತೈದೆಂದರೆ ಹೆಚ್ಚುಕಡಿಮೆ ಅದೇ, ಆ ಕೊರತೆಯನ್ನೇ ನಮ್ಮ ಕಣ್ಣು ಸೊಬಗೆಂದು ರೂಢಿ ಮಾಡಿಕೊಂಡಿದೆ, ಎಲ್ಲವೂ ನುಣ್ಣಗೆ ಕಂಡರೆ ಟೀವಿ ವಾರ್ತೆ ನೋಡಿದ ಹಾಗಾಗುತ್ತದೆ ಎಂದು ಅವನಿಗೆ ಪಾಠ ಮಾಡಿದೆ.

“ಛತ್ರದಾಗೆ ಬೆಳಕು ಕಮ್ಮಿ ಸಾರ್. ಇಪ್ಪತ್ತೈದಕ್ಕಿಟ್ರೆ, ಕೈ ಬಿರಬಿರ ಆಡಿದ್ದು ಮಸ್ಕಾಗಿ ಎಳ್ಕೊಂಡಂಗೆ ಬರ್ತದೆ” ಎಂದ.

“ಇಪ್ಪತ್ತೈದಕ್ಕೇ ಇಡಯ್ಯ” ಎಂದೆ.

ನಮ್ಮ ಸೋದರತ್ತೆ ನಾಗತ್ತೆಗೆ ಹುಟ್ಟಿನಿಂದ ಕಿವಿ ಕೇಳಿಸದು, ಮಾತು ಬಾರದು. ವಕ್ಕಲೇರಿಯಲ್ಲಿ ಹಸು ಕಟ್ಟಿಕೊಂಡು ಒಬ್ಬರೇ ಬದುಕು ನಡೆಸಿದವರು. ಅವರ ಮಾತೆಲ್ಲ ಬೆರಳಿನಲ್ಲಿ, ಅದೂ ಮಹಾ ವೇಗದಲ್ಲಿ. ನಮ್ಮನ್ನು ಬೈಯುವಾಗಲಂತೂ ಎರಡೂ ಕೈ ಸಾಲುತ್ತಿರಲಿಲ್ಲ. ಧಾರೆಯಾದ ಮೇಲೆ ಅವರು ಶಾರದೆಯ ಎದುರು ಕೂತು ಎರಡು ಮೂರು ನಿಮಿಷ ಏನನ್ನೋ ಹೇಳಿದರಂತೆ. ನಾನು ಊಟದ ಪಂಕ್ತಿಯಲ್ಲಿ ಸಾರಿಗೆ ಉಪ್ಪು ಸಾಲದೆಂದು ಅಡಿಗೆಯವರ ಜೊತೆ ಜಗಳವಾಡುತ್ತಿದ್ದೆ.

ಸೀಡಿ ಬಂದ ದಿನ ಮನೆಯವರೆಲ್ಲ ಕೂತು ನೋಡಿದೆವು. ಅಲುಗಾಡದೆ ಕೂತ ಶಾರದೆಯ ಮುಖ ಸ್ಫುಟವಾಗಿದೆ, ಕಣ್ಣೀರು ಇಳಿಯುವುದೂ ಕಾಣುತ್ತದೆ. ಅತ್ತೆಯ ಕೈಗಳಿರಬೇಕಾದ ಕಡೆ ಮಾತ್ರ ಒರೆಸಿದ ಹಲಗೆಯಂಥ ಮಸುಕು. ಒಂದು ಬೆರಳೂ ತಿಳಿಯದು. ಮಾತಾಡುವವರ ದನಿಯನ್ನು ಕಿತ್ತುಹಾಕಿ ತುಟಿಯನ್ನಷ್ಟೇ ತೋರಿಸಿದಂತಿತ್ತು.

ನಾನು ನೆಟ್ಟಗೆ ಮುನಿರಾಜುವಿನ ಅಂಗಡಿಗೆ ನುಗ್ಗಿ ಬಾಯಿಗೆ ಬಂದಂತೆ ಬೈದೆ. ಅವನು ಪೂರ್ತಿ ಕೇಳಿಸಿಕೊಂಡ.

“ನಾನಾವತ್ತೇ ಅಂದೆ ಕದಾ ಸಾರ್, ಎಳ್ಕೊಂಡಂಗೆ ಬರ್ತದೆ ಅಂತ” ಎಂದ.

ಅವನೂ ತಿರುಗಿ ಬೈದಿದ್ದರೆ ನನ್ನ ಕೋಪ ಅಲ್ಲೇ ಮುಗಿಯುತ್ತಿತ್ತು. ಬೈಯಲಿಲ್ಲ. ಅದನ್ನು ಹೊತ್ತುಕೊಂಡೇ ಮನೆಗೆ ಬಂದೆ. ಪತ್ರಿಕೆಯವರ ಮೇಲೆ, ಛತ್ರದ ಟ್ಯೂಬ್‌ಲೈಟಿನ ಮೇಲೆ, ಕೊನೆಗೆ ಇಪ್ಪತ್ತೈದು ಎಂಬ ಅಂಕಿಯ ಮೇಲೂ ಹಲ್ಲು ಕಡಿದೆ. ಎಲ್ಲ ಸುತ್ತಿ ಕೋಪ ನನ್ನ ಹತ್ತಿರವೇ ಬಂದು ಕೂತಿತು.

“ಅತ್ತೆ ಏನು ಹೇಳಿದ್ರೇ?” ಎಂದು ತವರಿಗೆ ಬಂದಿದ್ದ ಶಾರದೆಯನ್ನು ಕೇಳಿದೆ.

“ಅದು ನಂಗೆ ಹೇಳಿದ್ದು ಕಣೋ” ಎಂದಳು, ಅಷ್ಟೇ.

ಮುಂದಿನ ಭಾನುವಾರ ಮುನಿರಾಜು ತಾನಾಗಿಯೇ ಕ್ಯಾಮೆರಾ ಹೊತ್ತು ಬಂದ. ಇಬ್ಬರೂ ವಕ್ಕಲೇರಿಗೆ ಹೋದೆವು. ಅತ್ತೆ ಅಂಗಳದಲ್ಲಿ ಹಾಲಿನ ಕ್ಯಾನು ತೊಳೆಯುತ್ತಿದ್ದರು. ಒಳ್ಳೆ ಬಿಸಿಲು. ಮುನಿರಾಜು ನನ್ನನ್ನು ಕೇಳದೆ ಐವತ್ತಕ್ಕೆ ತಿರುಗಿಸಿದ. ಶಾರದೆಗೆ ಹೇಳಿದ್ದನ್ನೇ ಇನ್ನೊಮ್ಮೆ ಹೇಳಿ ಎಂದು ನಾನು ಕೈಸನ್ನೆಯಲ್ಲಿ ಬೇಡಿಕೊಂಡೆ.

ಅತ್ತೆ ಕೈ ಒರೆಸಿಕೊಂಡರು. ಕ್ಯಾಮೆರಾವನ್ನೊಮ್ಮೆ, ನನ್ನನ್ನೊಮ್ಮೆ ನೋಡಿದರು. ಶಾರದೆಯ ಅತ್ತೆಮನೆಯಿರುವ ಶ್ರೀನಿವಾಸಪುರದ ದಿಕ್ಕಿಗೆ ಕೈ ತೋರಿದರು, ತಮ್ಮ ಎದೆ ಮುಟ್ಟಿಕೊಂಡರು, ಆಮೇಲೆ ನನ್ನ ಕಡೆ ತೋರುಬೆರಳು ಅಲ್ಲಾಡಿಸಿದರು. ಅವಳಿಗೂ ನನಗೂ ಆದ ಮಾತು, ನಿನಗಲ್ಲ ಎಂದು. ಮತ್ತೆ ಕ್ಯಾನಿನತ್ತ ಬಾಗಿದರು.

ಮುನಿರಾಜು ಹಿಡಿದ ಆ ‘ಇಲ್ಲ’ ಸೀಡಿಯಲ್ಲಿ ನನ್ನ ಬಳಿ ಇನ್ನೂ ಇದೆ. ಒರೆಸಿದ ಮೇಲೂ ಬೆರಳ ಸಂದಿಯಲ್ಲಿ ಉಳಿದ ಸೋಪಿನ ನೊರೆಯೂ ಕಾಣುವಷ್ಟು ಸ್ಪಷ್ಟವಾಗಿದೆ.