ಮಾತಿನ ಡಬ್ಬಿ

ಶಾಲೆಗಳಲ್ಲಿ ಅವರಿಗಿದ್ದ ಹೆಸರು ಕೊನೇ ಬೆಂಚಿನ ಟೀಚರ್. ಕಾಗದದ ಮೇಲೆ ಅವರ ಹುದ್ದೆಗೆ ಬೇರೆ ಹೆಸರಿತ್ತು, ಓದಿ ಮುಗಿಸುವಷ್ಟರಲ್ಲಿ ಚಹಾ ಆರಿಹೋಗುವಷ್ಟು ಉದ್ದದ್ದು. ಚಿಕ್ಕದಾಗಿ ಹೇಳುವುದಾದರೆ, ಮಕ್ಕಳಿಗೆ ಓದುಬರಹ ಕಲಿಸುವ ಟೀಚರುಗಳಿಗೆ ಕಲಿಸುವುದು ಹೇಗೆಂದು ತೋರಿಸಿಕೊಡುವುದು ಅವರ ಕೆಲಸ. ಹನ್ನೊಂದು ಶಾಲೆಗಳು ಅವರ ಪಾಲಿಗಿದ್ದವು. ವಾರದಲ್ಲಿ ನಾಲ್ಕು ದಿನ ಬಸ್ಸು ಹಿಡಿದು ಹೋಗಿ, ಏಳೆಂಟು ವರ್ಷದ ಮಕ್ಕಳಿಗೆಂದು ಮಾಡಿದ ಬೆಂಚಿನಲ್ಲಿ ಮೊಣಕಾಲು ಎದೆಗೆ ತಾಗುವ ಹಾಗೆ ಮಡಚಿಕೊಂಡು ಕೂರುತ್ತಿದ್ದರು. ವಯಸ್ಸು ಐವತ್ತೊಂಬತ್ತು. ಎದ್ದೇಳುವಾಗ ಬೆಂಚೂ ಕಿರುಗುಡುತ್ತಿತ್ತು, ಸೊಂಟವೂ ಕಿರುಗುಡುತ್ತಿತ್ತು.

ಟೀಚರು ಏನು ಮಾಡಿದರೆಂದು ಅವರು ಬರೆಯುತ್ತಲೇ ಇರಲಿಲ್ಲ. ಮಗು ಏನು ಮಾಡಿತೆಂದಷ್ಟೇ ಬರೆಯುತ್ತಿದ್ದರು. ‘9.40: ಮೂರನೇ ಸಾಲಿನ ಎರಡು ಜಡೆಯವಳು ಪುಸ್ತಕ ತಲೆಕೆಳಗಾಗಿ ಹಿಡಿದು ಪಟಪಟ ಓದಿದಳು. 9.52: ಕಿಟಕಿ ಪಕ್ಕದವನು ಅಕ್ಷರ ಬರೆಯುವ ಮುಂಚೆ ಪಕ್ಕದವನ ಮುಖ ನೋಡಿದ.’ ತರಗತಿ ಮುಗಿದ ಮೇಲೆ ಆ ಹಾಳೆಯನ್ನು ಹರಿದು ಟೀಚರ ಕೈಗೇ ಕೊಟ್ಟುಬಿಡುತ್ತಿದ್ದರು. ತಮ್ಮ ಹತ್ತಿರ ನಕಲು ಇಟ್ಟುಕೊಳ್ಳುತ್ತಿರಲಿಲ್ಲ. “ತಪ್ಪು ಹಿಡಿಯೋದು ಸೊಳ್ಳೆ ಹೊಡೆದ ಹಾಗೆ, ಯಾರು ಬೇಕಾದರೂ ಮಾಡ್ತಾರೆ. ಮಗು ನೋಡೋದು ಕಷ್ಟ,” ಎನ್ನುತ್ತಿದ್ದರು. ತಪಾಸಣೆಗೆ ಬರುವವರನ್ನು ಕಂಡರೆ ನಡುಗುತ್ತಿದ್ದ ಹೊಸ ಟೀಚರುಗಳು ಇವರು ಬಂದರೆ ತವರಿನವರು ಬಂದಷ್ಟು ಖುಷಿಪಡುತ್ತಿದ್ದರು. ಅಂಚೆ ಕಚೇರಿಯಲ್ಲಿ ಕಾಗದ ವಿಂಗಡಿಸುವ ಅವರ ಗಂಡನಿಗೆ ಒಂದೇ ಒಂದು ಹಳೇ ತಮಾಷೆ ಇತ್ತು: “ನಮ್ಮವಳು ಮೂವತ್ತು ವರ್ಷದಿಂದ ಎರಡನೇ ಕ್ಲಾಸಲ್ಲೇ ಇದ್ದಾಳೆ, ಪಾಸಾಗೋ ಲಕ್ಷಣವೇ ಇಲ್ಲ.”

ಅವರಿಗೆ ಹೆಸರು ತಂದುಕೊಟ್ಟದ್ದು ಮಾತ್ರ ಒಂದು ಬಿಸ್ಕತ್ತಿನ ಡಬ್ಬಿ. ಇಪ್ಪತ್ತೆರಡು ವರ್ಷದ ಹಿಂದೆ ಅವರೇ ಪಾಠ ಮಾಡುತ್ತಿದ್ದ ಕಾಲಕ್ಕೆ ತರಗತಿಯಲ್ಲಿ ಐದು ಮನೆಮಾತಿನ ಮಕ್ಕಳಿದ್ದರು. ಐದೂ ಗುಂಪು ಒಂದೊಂದು ಕಡೆ ಸೇರಿ ತಮ್ಮತಮ್ಮಲ್ಲೇ ಗುಸುಗುಸು ಮಾಡುತ್ತಿದ್ದವು. ಶಾಲೆಯ ಭಾಷೆ ಟೀಚರ ಬಾಯಲ್ಲಿ ಹುಟ್ಟಿ ಅಲ್ಲೇ ಸಾಯುತ್ತಿತ್ತು. ಬಯ್ದು ಹೊಡೆದು ಬಾಯಿ ಮುಚ್ಚಿಸುವುದು ಅವರಿಗೆ ಒಗ್ಗದು. ಅದಕ್ಕೆ ಒಂದು ಆಟ ಹೂಡಿದರು. ಡಬ್ಬಿಗೆ ಬಣ್ಣದ ಕಾಗದ ಅಂಟಿಸಿ ಬಾಗಿಲ ಹತ್ತಿರ ಇಟ್ಟರು. ಬೆಳಿಗ್ಗೆ ಒಳಗೆ ಬರುವ ಮಗು ತುಟಿಯಿಂದ ಮನೆಮಾತನ್ನು ಅಂಗೈಗೆ ತೆಗೆದುಕೊಂಡ ಹಾಗೆ ಮಾಡಿ ಡಬ್ಬಿಯೊಳಗೆ ಹಾಕಬೇಕು. ಸಂಜೆ ಹೋಗುವಾಗ ತೆಗೆದುಕೊಂಡು ಹೋಗಬೇಕು. ಮಕ್ಕಳು ಬಿದ್ದು ಬಿದ್ದು ನಕ್ಕರು. ಎರಡು ತಿಂಗಳಲ್ಲಿ ತರಗತಿ ಓದತೊಡಗಿತು. ಆ ಎರಡು ತಿಂಗಳು ಅವರು ಒಂದೊಂದು ಮಗುವನ್ನೂ ಪಕ್ಕದಲ್ಲಿ ಕೂರಿಸಿಕೊಂಡು ದಿನಾ ಓದಿಸಿದ್ದರು ಎಂಬುದನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ, ಅವರೂ ಹಿಡಿಯಲಿಲ್ಲ. ಎಲ್ಲರ ಕಣ್ಣೂ ಡಬ್ಬಿಯ ಮೇಲೆ. ತರಬೇತಿ ಕೇಂದ್ರದವರಂತೂ ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜನ. ಮಾತಿನ ಡಬ್ಬಿ ಎಂದು ಹೆಸರಿಟ್ಟು ಕೈಪಿಡಿಯಲ್ಲಿ ಚಿತ್ರಸಮೇತ ಅಚ್ಚು ಹಾಕಿಸಿದರು. ಸಾವಿರಾರು ಟೀಚರುಗಳು ಅದನ್ನು ಕಲಿತು ಹೋದರು. ಹೊಗಳಿದರೆ ಉಬ್ಬದವರು ಯಾರಿದ್ದಾರೆ? ಅವರೂ ಉಬ್ಬಿದರು.

ನಿವೃತ್ತಿಗೆ ಇನ್ನು ಹತ್ತು ತಿಂಗಳಿದೆ ಎನ್ನುವಾಗ ಒಂದು ಫೋನು ಬಂತು. ಹೋದ ವರ್ಷವಷ್ಟೇ ತರಬೇತಿ ಮುಗಿಸಿ ಕೆಲಸಕ್ಕೆ ಸೇರಿದ ಹೊಸ ಟೀಚರ್.

“ಮೇಡಂ, ಒಂದ್ಸಲ ಬರ್ತೀರಾ? ನನ್ನ ಕ್ಲಾಸಲ್ಲಿ ಒಂದು ಮಗು ಇದೆ. ಸೇರಿ ಏಳು ತಿಂಗಳಾಯ್ತು, ಒಂದು ಮಾತಾಡಿಲ್ಲ. ಹೆಡ್ ಮೇಡಂ ಪೇಪರ್ ರೆಡಿ ಮಾಡಿಟ್ಟಿದ್ದಾರೆ. ಶುಕ್ರವಾರ ನಿಮ್ಮ ಸಹಿ ಬೇಕಂತೆ.”

ಆ ಪೇಪರು ಎಂಥದ್ದೆಂದು ಅವರಿಗೆ ಗೊತ್ತಿತ್ತು. ಸಹಿ ಬಿದ್ದರೆ ಮಗು ಊರಿನ ಆಚೆ ತುದಿಯ ಬೇರೊಂದು ಕಟ್ಟಡಕ್ಕೆ, ನಿಧಾನವಾಗಿ ಕಲಿಯುವವರ ವಿಭಾಗಕ್ಕೆ ಹೋಗುತ್ತದೆ. ಒಂದೆರಡು ವರ್ಷ ಅಲ್ಲಿದ್ದು ವಾಪಸ್ ಬರಬಹುದು ಎಂದು ಅದರಲ್ಲೇ ಬರೆದಿರುತ್ತದೆ. ತಮ್ಮ ಮೂವತ್ತು ವರ್ಷದಲ್ಲಿ ವಾಪಸ್ ಬಂದ ಇಬ್ಬರನ್ನು ಮಾತ್ರ ಅವರು ನೋಡಿದ್ದರು.

ಬುಧವಾರ ಬೆಳಿಗ್ಗೆ ಎಂಟೂವರೆಗೇ ಹೋಗಿ ಕೊನೇ ಬೆಂಚು ಹಿಡಿದರು. ಮೂವತ್ತನಾಲ್ಕು ಮಕ್ಕಳು, ಏಳು ಮನೆಮಾತು. ಬಾಗಿಲ ಪಕ್ಕದ ಸ್ಟೂಲಿನ ಮೇಲೆ ಹಳದಿ ಕಾಗದ ಅಂಟಿಸಿದ ಡಬ್ಬಿ. ಅದನ್ನು ಕಂಡು ಅವರ ಎದೆ ತುಂಬಿತು. ನಾಚಿಕೆಯಿಲ್ಲದೆ ತುಂಬಿತು ಎಂದೇ ಹೇಳಬೇಕು. ಹೊಸ ಟೀಚರ್ ಡಬ್ಬಿ ಹಿಡಿದು ಬಾಗಿಲಲ್ಲಿ ನಿಂತಳು. ಮಕ್ಕಳು ಒಬ್ಬರ ಹಿಂದೊಬ್ಬರು ಬಂದು, ತುಟಿ ಮುಟ್ಟಿದಂತೆ ಮಾಡಿ, ಡಬ್ಬಿಗೆ ಕೈ ಬಡಿದು ಓಡಿದರು. ಒಬ್ಬ ಹೊಟ್ಟೆಯಿಂದ ಎಳೆದು ತೆಗೆದವನ ಹಾಗೆ ನಟಿಸಿ ನಗಿಸಿದ. ಕೊನೆಯಲ್ಲಿ ಆ ಹುಡುಗಿ ಬಂದಳು, ಬೆನ್ನಿಗಿಂತ ದೊಡ್ಡ ಚೀಲ ಹೊತ್ತುಕೊಂಡು.

‘9.02: ಎರಡೂ ಅಂಗೈ ಜೋಡಿಸಿ ಬಾಯಿಯ ಕೆಳಗೆ ಹಿಡಿದಳು. ತುಟಿ ಒರೆಸಿದಳು. ಡಬ್ಬಿಗೆ ನಿಧಾನವಾಗಿ ಸುರಿದಳು. ಏನಾದರೂ ಉಳಿದಿದೆಯೇ ಎಂದು ಅಂಗೈ ತಿರುಗಿಸಿ ನೋಡಿದಳು,’ ಎಂದು ಅವರು ಬರೆದರು.

ಆಮೇಲೆ ಇಡೀ ದಿನ ಆ ಮಗುವಿನ ಮೇಲೇ ಕಣ್ಣು. ಅವಳ ಅಕ್ಷರ ಮುತ್ತು ಪೋಣಿಸಿದ ಹಾಗಿತ್ತು. ಹೇಳಿದ ಚಿತ್ರ ಬರೆದಳು, ಕೇಳಿದ ಪುಟ ತೆರೆದಳು. ಓದು ಎಂದರೆ ಪುಸ್ತಕ ನೋಡುತ್ತಾ ನಿಂತಳು, ಕೂತ್ಕೋ ಎಂದರೆ ಕೂತಳು. ದಡ್ಡಿ ಎನ್ನಲು ಎಲ್ಲಿಯೂ ಜಾಗವಿರಲಿಲ್ಲ. ಮಾತು ಬೆಳ್ಳಿ, ಮೌನ ಬಂಗಾರ ಎಂದು ಗಾದೆ ಕಟ್ಟಿದವರು ಇಂಥ ಮಗುವನ್ನು ಇಡೀ ದಿನ ನೋಡುತ್ತಾ ಕೂತವರಲ್ಲ.

ಮೂರು ಇಪ್ಪತ್ತಕ್ಕೆ ಆಯಾ ಬಂದು ವ್ಯಾನಿನ ಮಕ್ಕಳನ್ನು ಕರೆದಳು. ವ್ಯಾನು ಹಿಂದಿನ ರಸ್ತೆಯಲ್ಲಿ ನಿಲ್ಲುತ್ತದೆ; ನಾಲ್ಕು ಮಕ್ಕಳು ಹಿಂಬಾಗಿಲಿನಿಂದ ಹೊರಟರು, ಅವರಲ್ಲಿ ಇವಳೂ ಒಬ್ಬಳು. ಮೂರೂವರೆಗೆ ಗಂಟೆ ಹೊಡೆಯಿತು. ಉಳಿದ ಮೂವತ್ತು ಮಕ್ಕಳು ಮುಂಬಾಗಿಲಲ್ಲಿ ಡಬ್ಬಿಗೆ ಮುಗಿಬಿದ್ದು ತಮ್ಮ ಮಾತು ಬಾಚಿಕೊಂಡು, ಕೇಕೆ ಹಾಕುತ್ತಾ ಹೋದರು.

ಅವರು ಎರಡೂ ಸಮಯ ಬರೆದುಕೊಂಡರು. ಬರೆದ ಮೇಲೆ ಆ ಎರಡು ಸಾಲುಗಳನ್ನು ಮತ್ತೆ ಓದಿದರು. ಎದ್ದು ಹೊಸ ಟೀಚರ ಹತ್ತಿರ ಹೋದರು.

“ವ್ಯಾನಿನ ಮಕ್ಕಳು ಡಬ್ಬಿಯಿಂದ ವಾಪಸ್ ತಗೊಳ್ಳಲ್ವಾ?”

“ಅವರು ಹತ್ತು ನಿಮಿಷ ಮುಂಚೆ ಹೋಗ್ತಾರಲ್ಲ ಮೇಡಂ. ಆಟ ತಾನೇ ಅದು? ಉಳಿದ ಮೂವರು ವ್ಯಾನಲ್ಲಿ ಗಲಾಟೆಯೋ ಗಲಾಟೆ.”

“ಇವಳು ಮನೇಲಿ ಮಾತಾಡ್ತಾಳಾ?”

“ಗೊತ್ತಿಲ್ಲ ಮೇಡಂ. ಅವರಪ್ಪ ಟೈಲ್ಸ್ ಹಾಕೋ ಕೆಲಸಕ್ಕೆ ಅಂತ ದೂರ ದೂರ ಹೋಗ್ತಾರೆ. ಅಮ್ಮ ಲಾಂಡ್ರಿಯಲ್ಲಿ. ಎರಡು ಸಲ ಚೀಟಿ ಕಳಿಸ್ದೆ, ಬರಲಿಲ್ಲ.”

“ಚೀಟಿ ಯಾವ ಭಾಷೇಲಿ ಬರೆದೆ?”

ಚೀಟಿ ಶಾಲೆಯ ಭಾಷೆಯಲ್ಲೇ ಇತ್ತು. ಹೊಸ ಟೀಚರ ಕಣ್ಣು ತುಂಬಿತು. ಅವಳ ಮೇಜಿನ ಮೇಲೆ ಕೈಪಿಡಿ ಬಿಚ್ಚಿಟ್ಟಿತ್ತು, ಡಬ್ಬಿಯ ಪುಟಕ್ಕೆ ಗುರುತಿಗೆಂದು ದಾರ ಇಟ್ಟಿದ್ದಳು. ತನಗೆ ಹೇಳಿಕೊಟ್ಟದ್ದನ್ನು ಅವಳು ಚಾಚೂತಪ್ಪದೆ ಮಾಡಿದ್ದಳು. ಅವಳನ್ನು ಬಯ್ಯುವ ಬಾಯಿ ಅವರಿಗೆಲ್ಲಿತ್ತು?

ಸಂಜೆ ಗಂಡ ತರಕಾರಿ ಹೆಚ್ಚುತ್ತಾ ಎಲ್ಲವನ್ನೂ ಕೇಳಿಸಿಕೊಂಡ.

“ನೀನು ಆಟಕ್ಕೆ ಅಂತ ಮಾಡಿದ್ದಲ್ವಾ?” ಎಂದ.

“ಆಟ ಅಂತ ನನಗೆ ಗೊತ್ತಿತ್ತು,” ಎಂದರು ಅವರು.

ಮಾಡುವುದಾಗಿದ್ದರೆ ಸುಲಭದ ದಾರಿಯೊಂದಿತ್ತು. ಡಬ್ಬಿ ಎತ್ತಿ ಒಳಗಿಡು ಎಂದು ಹೊಸ ಟೀಚರಿಗೆ ಮೆಲ್ಲಗೆ ಹೇಳಬಹುದಿತ್ತು. ಮಗುವಿಗೆ ಇನ್ನೂ ಮೂರು ತಿಂಗಳು ಸಮಯ ಕೊಡಿ ಎಂದು ಪೇಪರಿನಲ್ಲಿ ಬರೆಯಬಹುದಿತ್ತು. ಹಾಳೆಗಂತೂ ನಕಲಿಲ್ಲ. ಹತ್ತು ತಿಂಗಳಾದ ಮೇಲೆ ಬೀಳ್ಕೊಡುಗೆಯಲ್ಲಿ ಯಾರಾದರೂ ಮಾತಿನ ಡಬ್ಬಿಯ ಬಗ್ಗೆ ಭಾಷಣ ಮಾಡುತ್ತಾರೆ, ಇವರು ತಲೆ ತಗ್ಗಿಸಿ ನಗುತ್ತಾರೆ. ಸುಳ್ಳು ಹೇಳಬಾರದು, ಆ ಸಂಜೆ ಅನ್ನ ಬೇಯುವಷ್ಟು ಹೊತ್ತು ಅವರು ಆ ದಾರಿಯಲ್ಲಿ ಹೋಗಿಯೇ ಬಂದರು.

ಗುರುವಾರ ಅವರು ಲಾಂಡ್ರಿ ಹುಡುಕಿಕೊಂಡು ಹೋಗಿ, ಹಬೆಯ ನಡುವೆ ಇಸ್ತ್ರಿ ಮಾಡುತ್ತಿದ್ದ ತಾಯಿಯನ್ನು ಕಂಡು, ಮೇಲ್ವಿಚಾರಕನಿಗೆ ಕೈ ಮುಗಿದು ಒಂದು ಗಂಟೆಯ ಬಿಡುವು ಕೇಳಿದರು. ಶುಕ್ರವಾರ ಮಧ್ಯಾಹ್ನ ತಾಯಿ ಲಾಂಡ್ರಿ ಕೆಲಸದ ನೀಲಿ ಕೋಟು ಬಿಚ್ಚದೆ ಹಾಗೇ ಬಂದಳು. ಹೆಡ್ ಮೇಡಂ ಪೇಪರು, ಪೆನ್ನು ಎರಡನ್ನೂ ಮೇಜಿನ ಮೇಲೆ ಜೋಡಿಸಿಟ್ಟಿದ್ದರು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಯುವವರು.

“ಮನೇಲಿ ಮಾತಾಡ್ತಾಳಾ ಅಮ್ಮಾ?” ಎಂದು ಕೊನೇ ಬೆಂಚಿನ ಟೀಚರ್ ಕೇಳಿದರು.

ತಾಯಿ ತನಗೆ ಬಂದಷ್ಟರಲ್ಲಿ ಹೇಳಿದಳು. “ಮುಂಚೆ ಬಹಳ. ಬಾಯಿ ಮುಚ್ಚು ಅನ್ನಬೇಕು, ಅಷ್ಟು. ಶಾಲೆ ಸೇರಿದ್ದು, ನಿಂತಿತು. ಡಾಕ್ಟರ್ ಗಂಟಲು ನೋಡಿದರು, ಕಿವಿ ನೋಡಿದರು. ಎಲ್ಲ ಸರಿ ಅಂತಾರೆ. ಅವಳ ಅಪ್ಪ ಫೋನ್ ಮಾಡ್ತಾನೆ. ಇವಳು ಫೋನ್ ಹಿಡಿದು ನಿಲ್ತಾಳೆ. ಅವನು ಅಳ್ತಾನೆ.”

ಹೆಡ್ ಮೇಡಂ ಮೇಜಿನ ಮೇಲಿದ್ದ ಪೆನ್ನನ್ನು ಪಕ್ಕಕ್ಕೆ ಸರಿಸಿದರು.

“ಸುಳ್ಳು ಆಡೋ ಮಗು ಅಲ್ಲ,” ಎಂದಳು ತಾಯಿ, ಇನ್ನೇನೋ ತಪ್ಪು ಹೊರಿಸುತ್ತಾರೆಂದು ಹೆದರಿದವಳ ಹಾಗೆ. “ಹೇಳಿದ್ದು ಕೇಳ್ತಾಳೆ. ಮುಟ್ಟಬೇಡ ಅಂದರೆ ಮುಟ್ಟಲ್ಲ.”

ಎಲ್ಲರೂ ತರಗತಿಗೆ ಹೋದರು. ಉಳಿದ ಮಕ್ಕಳು ಮೈದಾನದಲ್ಲಿದ್ದರು. ಕೊನೇ ಬೆಂಚಿನ ಟೀಚರ್ ಮಗುವನ್ನು ಡಬ್ಬಿಯ ಮುಂದೆ ನಿಲ್ಲಿಸಿ, ನಿನ್ನ ಮಾತು ತೆಗೆದುಕೊಂಡುಬಿಡು, ಇನ್ನು ಮೇಲೆ ಇದರೊಳಗೆ ಏನೂ ಹಾಕಬೇಕಾಗಿಲ್ಲ ಎಂದು ತಾಯಿಯ ಬಾಯಿಂದ ಅವಳ ಭಾಷೆಯಲ್ಲೇ ಹೇಳಿಸಿದರು. ಮಗು ಅನುಮಾನದಿಂದ ತನ್ನ ಟೀಚರ ಕಡೆ ನೋಡಿದಳು. ಆಮೇಲೆ ಕೈ ಹಾಕಿದಳು. ತಳದವರೆಗೆ ತಡಕಾಡಿದಳು, ಮೂಲೆ ಮೂಲೆಗೆ ಬೆರಳಾಡಿಸಿದಳು. ಬರಿಗೈ ಹೊರತೆಗೆದು ತಲೆ ಅಲ್ಲಾಡಿಸಿದಳು. ಖಾಲಿ ಬೆಂಚುಗಳ ಕಡೆ ಬೆರಳು ತೋರಿಸಿದಳು, ಒಂದಾದ ಮೇಲೊಂದು.

“ಇಲ್ಲವಂತೆ,” ಎಂದಳು ತಾಯಿ. “ಬೇರೆ ಯಾರೋ ತಗೊಂಡರು ಅಂತ ತೋರಿಸ್ತಾಳೆ.”

ದಿನಾ ಸಂಜೆ ಮೂವತ್ತು ಮಕ್ಕಳು ಬಾಚಿಕೊಂಡು ಹೋದ ಡಬ್ಬಿ. ಏಳು ತಿಂಗಳು ಬಿಟ್ಟುಹೋದ ವಸ್ತು ಅದರಲ್ಲಿ ಉಳಿದೀತೆಂದು ಯಾವ ಮಗು ತಾನೇ ನಂಬುತ್ತದೆ? ಹೊಸ ಟೀಚರ್ ಗೋಡೆಗೆ ಮುಖ ಮಾಡಿ ನಿಂತಳು.

ಕೊನೇ ಬೆಂಚಿನ ಟೀಚರ್ ನೆಲಕ್ಕೆ ಕೈಯೂರಿ, ಸೊಂಟ ಹಿಡಿದುಕೊಂಡು, ಮಗುವಿನ ಎದುರಿಗೆ ಕೂತರು. ಎರಡೂ ಅಂಗೈ ಜೋಡಿಸಿ ಮುಂದೆ ಹಿಡಿದರು.

“ಅವರು ಯಾರೂ ತಗೊಂಡಿಲ್ಲ ಮಗಾ. ನಾನು ತಗೊಂಡಿದ್ದು. ಈ ಡಬ್ಬಿ ಆಟ ಕಟ್ಟಿದ್ದು ನಾನೇ, ನಿಮ್ಮ ಟೀಚರಿಗೆ ಹೇಳಿಕೊಟ್ಟಿದ್ದೂ ನಾನೇ. ಮಕ್ಕಳ ಮನೆಮಾತು ಹೀಗೆ ಕಿತ್ತಿಡಬಾರದಾಗಿತ್ತು. ತಪ್ಪು ನಂದು. ತಗೋ ತಾಯಿ, ಇಲ್ಲಿದೆ. ಪೂರ್ತಿ ಇದೆ.”

ಹೆಡ್ ಮೇಡಂ ಕೇಳಿಸಿಕೊಂಡರು. ಬಾಗಿಲಲ್ಲಿ ನಿಂತ ಆಯಾ ಕೇಳಿಸಿಕೊಂಡಳು. ತಾಯಿ ಒಂದೊಂದೇ ಮಾತನ್ನು ತನ್ನ ಭಾಷೆಗೆ ತಂದು ಹೇಳತೊಡಗಿದಳು. ‘ತಪ್ಪು ನಂದು’ ಎನ್ನುವಲ್ಲಿಗೆ ಬಂದಾಗ ನಿಂತು, ನಿಜವಾಗಿಯೂ ಇದನ್ನು ಹೇಳಬೇಕೇ ಎನ್ನುವ ಹಾಗೆ ನೋಡಿದಳು. ಇವರು ಹೌದೆಂದು ತಲೆಯಾಡಿಸಿದರು.

ಮಗು ಬಹಳ ಹೊತ್ತು ಆ ಸುಕ್ಕುಗಟ್ಟಿದ ಕೈಗಳನ್ನು ನೋಡಿದಳು. ಆಮೇಲೆ ಬಗ್ಗಿ, ನಲ್ಲಿಯಿಂದ ನೀರು ಕುಡಿಯುವ ಹಾಗೆ, ಅಂಗೈಗೆ ಬಾಯಿ ಹಚ್ಚಿದಳು. ಹಾಗೇ ತಾಯಿಯ ಕಡೆ ತಿರುಗಿದಳು. ದನಿ ಒರಟಾಗಿತ್ತು, ಒಂದೆರಡು ಸಲ ಕೆಮ್ಮಿದಳು. ನಾಲ್ಕೈದು ಶಬ್ದ, ಅಷ್ಟೇ.

ತಾಯಿ ಬಾಯಿಗೆ ಕೋಟಿನ ತೋಳು ಒತ್ತಿಕೊಂಡಳು. ಅಳಲಿಲ್ಲ. ದಡಬಡ ಕೂತು ಮಗುವಿನ ಶೂ ಲೇಸು ಬಿಚ್ಚತೊಡಗಿದಳು.

“ಏನಂದಳು? ಏನಂದಳು?” ಎಂದಳು ಹೊಸ ಟೀಚರ್.

“ಶೂ ಚಿಕ್ಕದಂತೆ.” ತಾಯಿ ತಲೆ ಎತ್ತಲಿಲ್ಲ. “ಬೆರಳು ನೋಯ್ತದಂತೆ. ಬಹಳ ದಿನದಿಂದ.”

ಕಾಲುಚೀಲ ಎಳೆದಾಗ ಹೆಬ್ಬೆರಳಿನ ಉಗುರು ಕಪ್ಪಗಿತ್ತು, ಪಕ್ಕದ ಬೆರಳಿನದೂ. ಎಲ್ಲೋ ಎಡವಿರಬೇಕು ಅಂದುಕೊಂಡಿದ್ದೆ ಎಂದು ತಾಯಿ ಯಾರಿಗೋ ಹೇಳುವವಳ ಹಾಗೆ ಹೇಳುತ್ತಿದ್ದಳು. ಕೊನೇ ಬೆಂಚಿನ ಟೀಚರ್ ಆ ಪುಟ್ಟ ಪಾದವನ್ನು ತಮ್ಮ ಮಡಿಲಿಗೆ ತೆಗೆದುಕೊಂಡರು. ಬುಧವಾರ ಬೆಳಿಗ್ಗೆಯಿಂದ ಸಂಜೆಯವರೆಗೆ ಈ ಮಗುವನ್ನೇ ನೋಡಿ ಎರಡು ಹಾಳೆ ಬರೆದಿದ್ದರು. ಅದರಲ್ಲಿ ಈ ಕಾಲಿನ ಸುದ್ದಿ ಒಂದು ಸಾಲೂ ಇರಲಿಲ್ಲ. ಹೆಡ್ ಮೇಡಂ ಜೊತೆಗೆ ತಂದಿದ್ದ ಪೇಪರನ್ನು ನಾಲ್ಕು ಮಡಿಕೆ ಮಾಡಿದರು. ಮಗು ತಡೆಯಿಲ್ಲದೆ ತಾಯಿಗೆ ಇನ್ನೂ ಏನೇನೋ ಹೇಳುತ್ತಲೇ ಇದ್ದಳು. ಪಾದ ಹಿಡಿದು ಕೂತವರಿಗೆ ಆ ಭಾಷೆಯ ಒಂದು ಶಬ್ದವೂ ಅರ್ಥವಾಗಲಿಲ್ಲ. ಇಪ್ಪತ್ತೆರಡು ವರ್ಷದಲ್ಲಿ ಇನ್ನೆಷ್ಟು ಮಕ್ಕಳಿಗೆ ಎಲ್ಲೆಲ್ಲಿ ನೋಯುತ್ತಿತ್ತೋ, ಅವರನ್ನು ಕೇಳೋಣವೆಂದರೆ ಈಗ ಯಾರೂ ಎದುರಿಗಿರಲಿಲ್ಲ.