ದೊಡ್ಡಪ್ಪನ ಬಲಗಾಲು

ಫೆಬ್ರವರಿ ಎಂಟು, ಭಾನುವಾರ, ಬೆಳಿಗ್ಗೆ ಏಳೂಕಾಲು. ಕುದೇರಿನ ನಮ್ಮ ಜಗಲಿಯ ಮೇಲೆ ಹಳೆಯ ಸೀರೆಯ ತುಂಡು ಸುತ್ತಿಕೊಂಡು ಒಂದು ಇಟ್ಟಿಗೆ ಮಲಗಿದೆ. ಮೂರು ತಿಂಗಳು ಅದು ಹೊಸ್ತಿಲಿನ ಪಾತ್ರ ಮಾಡಿತು. ಈಗ ಅದಕ್ಕೆ ಕೆಲಸವಿಲ್ಲ.

ನಿಮ್ಮ ಮನೆಯ ಹೊಸ್ತಿಲು ಎಷ್ಟೆತ್ತರ ಎಂದು ಕೇಳಿದರೆ ನೀವು ತಟ್ಟನೆ ಹೇಳಲಾರಿರಿ. ದಿನಕ್ಕೆ ಹತ್ತಾರು ಸಲ ದಾಟಿದರೂ ಕಾಲು ಆ ಸುದ್ದಿಯನ್ನು ತಲೆಯವರೆಗೆ ಮುಟ್ಟಿಸುವುದಿಲ್ಲ. ನಾನು ಟೇಪು ಹಿಡಿದು ಅಳೆದದ್ದು, ಕಳೆದ ಮಳೆಗಾಲದಲ್ಲಿ ದೊಡ್ಡಪ್ಪನಿಗೆ ಲಕ್ವ ಹೊಡೆದು ಬಲಭಾಗ ಬಿದ್ದುಹೋದ ಮೇಲೆ: ನಾಲ್ಕು ಅಂಗುಲ. ಅವರಿಗೆ ಮಾತು ಬೇಗ ಮರಳಿತು, ಬೈಗುಳ ಅದಕ್ಕಿಂತ ಬೇಗ. ಬಲಗಾಲು ಮಾತ್ರ ನೆಲ ಬಿಡಲೊಪ್ಪದೆ ಹೆಬ್ಬೆರಳನ್ನು ಎಳೆದುಕೊಂಡು ಬರುತ್ತಿತ್ತು.

ಚಾಮರಾಜನಗರದ ಫಿಸಿಯೋಥೆರಪಿ ಮೇಡಂ ಹೇಳಿಕೊಟ್ಟ ಸೂತ್ರ ಸರಳ: ಹತ್ತುವಾಗ ಗಟ್ಟಿ ಕಾಲು ಮೊದಲು, ಸೋತ ಕಾಲು ಆಮೇಲೆ. ದೊಡ್ಡಪ್ಪ ಮೆಟ್ಟಿಲನ್ನು ಹಾಗೇ ಹತ್ತಿದರು. ಹೊಸ್ತಿಲ ಮುಂದೆ ನಿಂತುಬಿಟ್ಟರು.

"ಎಡಗಾಲ್ ಮುಂದಿಡು ದೊಡ್ಡಪ್ಪ" ಎಂದೆ.

"ಮನೆ ಒಳಕ್ಕೆ ಎಡಗಾಲ್ ಮಡಗಕಿಲ್ಲ ಕಣಮ್ಮಿ. ನಾನೇನ್ ಜಪ್ತಿ ಮಾಡಕ್ ಬಂದಿದ್ದೀನಾ?"

ಹೀಗಾಗಿ ಅಪ್ಪನೂ ನಾನೂ ಅವರನ್ನು ಎತ್ತಿ ಒಳಗಿಳಿಸುತ್ತಿದ್ದೆವು. ದಿನಚರಿಯಲ್ಲಿ 'ನಡೆದದ್ದು', 'ಎತ್ತಿಸಿಕೊಂಡದ್ದು' ಎಂದು ಎರಡು ಕಾಲಂ ಹಾಕಿದ್ದೆ. ಎರಡನೆಯದು ಚೆನ್ನಾಗಿ ತುಂಬುತ್ತಿತ್ತು.

ಅಷ್ಟರಲ್ಲಿ ಗುಂಡ್ಲುಪೇಟೆಯಲ್ಲಿ ಅವರ ಮಗಳು ಶೋಭಕ್ಕನ ಹೊಸ ಮನೆಯ ಗೃಹಪ್ರವೇಶ ನಿಶ್ಚಯವಾಯಿತು.

"ಹೊತ್ಕಂಡೋಗಿ ಒಳಕ್ಕೆ ಬುಡಕ್ಕೆ ನಾನೇನ್ ಬೀರುವಾ? ಬಲಗಾಲ್ ಇಕ್ಕಕ್ಕಾದ್ರೆ ಬತ್ತೀನಿ. ಇಲ್ಲಾಂದ್ರೆ ಇಲ್ಲೇ ಇರ್ತೀನಿ" ಎಂದರು ದೊಡ್ಡಪ್ಪ. ನೀನು ಬರದಿದ್ದರೆ ಹಾಲೇ ಉಕ್ಕಿಸುವುದಿಲ್ಲ ಎಂದು ಶೋಭಕ್ಕ ಫೋನಿನಲ್ಲಿ ಅತ್ತಳು.

ಮೇಡಂ ವಾದಕ್ಕಿಳಿಯಲಿಲ್ಲ. ಸರಿ, ಬಲಗಾಲನ್ನೇ ಮೊದಲು ಎತ್ತಿಸಿ, ಆದರೆ ಪಕ್ಕದಲ್ಲಿ ಒಬ್ಬರು ತೋಳು ಕೊಟ್ಟು ನಿಂತಿರಬೇಕು ಎಂದರು. ಹೊಸ್ತಿಲ ಬದಲು ಜಗಲಿಯ ಮೇಲೆ ದಾಟಿ ಅಭ್ಯಾಸ ಮಾಡಲೆಂದು ಇಟ್ಟಿಗೆ ಬಂದದ್ದು ಆಗ. ಮೊದಮೊದಲು ಕಾಲು ಅದಕ್ಕೆ ತಾಗುತ್ತಿತ್ತು. ತಾಗಿದಾಗಲೆಲ್ಲ ದೊಡ್ಡಪ್ಪ, ಹೊಸ್ತಿಲನ್ನು ಒದ್ದ ತಪ್ಪಿಗೆ ಬಗ್ಗಿ ಮುಟ್ಟಿ ಕಣ್ಣಿಗೊತ್ತಿಕೊಳ್ಳಲು ಹೋಗಿ ಮುಗ್ಗರಿಸುತ್ತಿದ್ದರು. ಕೊನೆಗೆ, ಅವರು ಒದೆಯುವುದು, ಅವರ ಪರವಾಗಿ ನಾನು ಕಣ್ಣಿಗೊತ್ತಿಕೊಳ್ಳುವುದು ಎಂದು ಒಪ್ಪಂದವಾಯಿತು. ಜನವರಿಯ ಒಂದು ಬೆಳಿಗ್ಗೆ ನಾನು ಒಂದು ಸಲವೂ ಬಗ್ಗಲಿಲ್ಲ.

ಗೃಹಪ್ರವೇಶದ ದಿನ ದೊಡ್ಡಪ್ಪ ನನ್ನ ತೋಳು ಬೇಡವೆಂದರು. ಬಾಗಿಲ ಚೌಕಟ್ಟು ಹಿಡಿದು ಮೊಣಕಾಲು ಮಡಚಿದರು. ಅರಿಸಿನ ಬಳಿದ ಹೊಸ್ತಿಲಿಗೆ ಬೆರಳೂ ತಾಗದಂತೆ ಬಲಗಾಲು ಒಳಗಿಳಿಯಿತು. ಅಲ್ಲಿಗೆ ನಿಂತಿತು. ಕಾಲನ್ನು ಎತ್ತುವುದು ಒಂದು ವಿದ್ಯೆ, ಎತ್ತಿಟ್ಟ ಕಾಲನ್ನು ನಂಬಿ ಮೈಯನ್ನೆಲ್ಲ ಅದರ ಮೇಲೆ ಬಿಡುವುದು ಬೇರೆಯೇ ವಿದ್ಯೆ ಎಂಬುದು, ಇಷ್ಟು ದಿನ ಆ ಎರಡನೆಯದನ್ನು ನನ್ನ ತೋಳೇ ಮಾಡುತ್ತಿದ್ದುದರಿಂದ, ನಮಗಿಬ್ಬರಿಗೂ ತಿಳಿದಿರಲಿಲ್ಲ. ಅವರು ಹೊಸ್ತಿಲ ಮೇಲೆ ಅತ್ತೊಂದು ಇತ್ತೊಂದು ಕಾಲಾಗಿ ನಿಂತರು. ಒಳಗಿದ್ದವರು ಹೊರಬರುವಂತಿಲ್ಲ, ಹೊರಗಿದ್ದವರು ಒಳಹೋಗುವಂತಿಲ್ಲ. ಒಲೆಯ ಮೇಲೆ ಹಾಲಿತ್ತು.

ಶೋಭಕ್ಕ ಒಳಗಿನಿಂದ ಕೈ ಚಾಚಿದಳು. ಅವರು ಆ ಕೈಯನ್ನು ಸ್ವಲ್ಪ ಹೊತ್ತು ನೋಡಿದರು.

"ಬಲಗಾಲು ಬಂತಲ್ವಾ ಒಳಕ್ಕೆ?"

"ಬಂತು ಕಣಪ್ಪ."

"ಶಾಸ್ತ್ರ ಅಲ್ಲಿಗ್ ಮುಗೀತು. ಎಡಗಾಲಿಗೆ ಏನೂ ಇಲ್ಲ. ಹಿಡ್ಕೊ."

ಹಿಡಿದುಕೊಂಡಳು. ಎಡಗಾಲೂ ಬಂತು. ಹಾಲು ಅಷ್ಟರಲ್ಲಿ ಯಾರನ್ನೂ ಕೇಳದೆ ಉಕ್ಕಿತ್ತು.

ಊಟ ಮುಗಿಸಿ ಹೊರಡುವಾಗ ದೊಡ್ಡಪ್ಪ, ಮಗಳ ಮನೆಯಿಂದ ಹೊರಡುವಾಗ ಯಾವ ಕಾಲು ಮೊದಲು ಎಂದು ಕೇಳಿದರು. ಇರುವುದು ಎರಡೇ ಕಾಲಾದರೂ ನೆರೆದ ಹಿರಿಯರಿಂದ ಮೂರು ಅಭಿಪ್ರಾಯಗಳು ಬಂದವು. ತೀರ್ಮಾನವಾಗದ ಕಾರಣ ಅವರು ಅಲ್ಲೇ ಉಳಿದುಕೊಂಡು, ಮಗಳ ಕೈ ಹಿಡಿದು ಪಡಸಾಲೆಯಲ್ಲಿ ನಡೆಯುತ್ತಿದ್ದಾರೆ. ಇದನ್ನು ಖಚಿತವಾಗಿ ಬಲ್ಲವರು ದಯವಿಟ್ಟು ಬರೆದು ತಿಳಿಸಿ. ನಿಧಾನವಾಗಿ ಬರೆದರೂ ಆದೀತು, ಶೋಭಕ್ಕನಿಗೆ ಅವಸರವಿಲ್ಲವಂತೆ.